ಮೂಲೆಹೊಳೆಗೆ ಬದಲು ದಾರಿ: ಮೈಸೂರು–ವಯನಾಡು ಪರ್ಯಾಯ ಹೆದ್ದಾರಿಯ ಸಾಧ್ಯಾಸಾಧ್ಯತೆ

ಮೈಸೂರಿನಿಂದ ವಯನಾಡಿಗೆ ಹೋಗುವ ದಾರಿಗಳು ನಾಲ್ಕು. ಗುಂಡ್ಲುಪೇಟೆ ದಾಟಿ ಮದ್ದೂರು, ಮೂಲೆಹೊಳೆ, ಮುತ್ತಂಗಗಳ ಮೂಲಕ ಸುಲ್ತಾನ್ ಬತ್ತೇರಿ ಸೇರುವುದು ಮೊದಲನೆಯದು. ಹಿಂದೆ 212 ಎಂಬ ಸಂಖ್ಯೆ ಹೊತ್ತಿದ್ದ ಈಗಿನ ರಾಷ್ಟ್ರೀಯ ಹೆದ್ದಾರಿ 766 ಇದೇ. ಎರಡನೆಯದು ಗುಂಡ್ಲುಪೇಟೆಯಲ್ಲಿ ಎಡಕ್ಕೆ ಹೊರಳಿ ಬಂಡೀಪುರ, ತೆಪ್ಪಕಾಡು, ಗೂಡಲೂರಿನ ಮೇಲೆ ಬಳಸಿ ಬರುತ್ತದೆ. ಮೂರನೆಯದು ಎಚ್.ಡಿ. ಕೋಟೆ, ಬಾವಲಿ ಮೂಲಕ ಮಾನಂದವಾಡಿಗೆ ಹೋಗುವ ರಸ್ತೆ. ಇದು ನಾಗರಹೊಳೆಯ ಕಾಡನ್ನು ಹಾದುಹೋಗುತ್ತದೆ. ಈ ಮೂರೂ ರಾತ್ರಿ ಹೊತ್ತು ಮುಚ್ಚುತ್ತವೆ. ಹಗಲೂ ರಾತ್ರಿ ತೆರೆದಿರುವುದು ನಾಲ್ಕನೆಯದೊಂದೇ: ಹುಣಸೂರು, ತಿತಿಮತಿ, ಗೋಣಿಕೊಪ್ಪ, ಪೊನ್ನಂಪೇಟೆ, ಶ್ರೀಮಂಗಲ, ಕುಟ್ಟ, ತೋಲ್ಪೆಟ್ಟಿ, ಕಾಟಿಕುಳಂ, ಮಾನಂದವಾಡಿ. ಬಂಡೀಪುರದ ಹೆದ್ದಾರಿಯ ಬಗ್ಗೆ ನ್ಯಾಯಾಲಯದಲ್ಲಿ, ವಿಧಾನಸಭೆಯಲ್ಲಿ, ಸಂಸತ್ತಿನಲ್ಲಿ ‘ಪರ್ಯಾಯ ಮಾರ್ಗ’ ಎಂಬ ಮಾತು ಬಂದಾಗಲೆಲ್ಲ ಬೆರಳು ತೋರುವುದು ಈ ನಾಲ್ಕನೆಯ ದಾರಿಯ ಕಡೆಗೆ.

ಆದ್ದರಿಂದ ಇಲ್ಲಿ ಹೊಸ ದಾರಿ ಹುಡುಕುವ ಪ್ರಶ್ನೆ ಇಲ್ಲ. ದಾರಿ ಇದೆ, ಬಸ್ಸು ಲಾರಿಗಳು ಓಡುತ್ತಿವೆ. ಅದು ಈಗ ಹೊತ್ತಿರುವುದಕ್ಕಿಂತ ಎಷ್ಟು ಹೆಚ್ಚಿನ ಹೊರೆಯನ್ನು ಹೊರಬಲ್ಲದು, ಸುತ್ತಿನ ಖರ್ಚು ಯಾರ ಜೇಬಿನಿಂದ ಹೋಗುತ್ತದೆ, ಒಂದು ಕಾಡಿನಿಂದ ತೆಗೆದ ಭಾರ ಇನ್ನೊಂದು ಕಾಡಿನ ಮೇಲೆ ಬೀಳುವುದೇ ಎಂಬುದನ್ನು ತೂಗಬೇಕು. ಕೊನೆಯ ಪ್ರಶ್ನೆಯೇ ಅತಿ ಮುಖ್ಯವಾದದ್ದು. ಆದರೆ ಚರ್ಚೆಯಲ್ಲಿ ಅತಿ ಕಡಿಮೆ ಕೇಳಿಬರುವುದೂ ಅದೇ.

ವಿವಾದದ ಹಿನ್ನೆಲೆ ಹೀಗಿದೆ. ಬಂಡೀಪುರ 1973ರಲ್ಲಿ ಹುಲಿ ಯೋಜನೆ ಆರಂಭವಾದಾಗ ಅದಕ್ಕೆ ಸೇರಿದ ಮೊದಲ ಕಾಡುಗಳಲ್ಲೊಂದು. ನಾಗರಹೊಳೆ, ಮುದುಮಲೆ, ವಯನಾಡು ಅಭಯಾರಣ್ಯಗಳು ಇದಕ್ಕೆ ಅಂಟಿಕೊಂಡಿವೆ. 1986ರಲ್ಲಿ ಘೋಷಣೆಯಾದ ನೀಲಗಿರಿ ಜೀವಗೋಳ ಮೀಸಲಿನ ಹೃದಯಭಾಗ ಇದು, ಏಷ್ಯಾದ ಆನೆಗಳು ಅತಿ ಹೆಚ್ಚು ಸಂಖ್ಯೆಯಲ್ಲಿ ಒಟ್ಟಾಗಿ ಉಳಿದಿರುವ ನೆಲ. 766ರ ಸುಮಾರು 20 ಕಿ.ಮೀ. ಉದ್ದ ಬಂಡೀಪುರದೊಳಗೇ ಇದೆ, ಗಡಿಯಾಚೆ ವಯನಾಡು ಅಭಯಾರಣ್ಯದಲ್ಲೂ ಕಾಡು ಮುಂದುವರಿಯುತ್ತದೆ. ರಾತ್ರಿ ವಾಹನಗಳಿಗೆ ಸಿಕ್ಕಿ ಜಿಂಕೆ, ಆನೆ, ಚಿರತೆಗಳು ಸಾಯುತ್ತಿದ್ದುದನ್ನು ಕಂಡು 2009ರ ಜೂನ್‌ನಲ್ಲಿ ಚಾಮರಾಜನಗರದ ಜಿಲ್ಲಾಧಿಕಾರಿ ಮೋಟಾರು ವಾಹನ ಕಾಯ್ದೆಯಡಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧಿಸಿದರು. ಕೆಲವೇ ದಿನಗಳಲ್ಲಿ ಆದೇಶ ಹಿಂದಕ್ಕೆ ಹೋಯಿತು. ಸಾರ್ವಜನಿಕ ಹಿತಾಸಕ್ತಿ ಅರ್ಜಿಯೊಂದು ಹೈಕೋರ್ಟಿನ ಮುಂದೆ ಬಂದು ನಿಷೇಧ ಮತ್ತೆ ಜಾರಿಯಾಯಿತು, 2010ರ ಮಾರ್ಚ್‌ನಲ್ಲಿ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಕೇರಳ ಸರ್ಕಾರ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. 2019ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಪರ್ಯಾಯ ಮಾರ್ಗವನ್ನೇ ರಾಷ್ಟ್ರೀಯ ಹೆದ್ದಾರಿಯಾಗಿ ಬೆಳೆಸಿ 766ನ್ನು ಹಗಲಿನಲ್ಲೂ ಮುಚ್ಚಬಹುದೇ ಎಂದು ಕೇಂದ್ರವನ್ನು ಕೇಳಿತು. ಸುಲ್ತಾನ್ ಬತ್ತೇರಿಯಲ್ಲಿ ಉಪವಾಸ ಸತ್ಯಾಗ್ರಹ ಎದ್ದದ್ದು ಆ ಮಾತಿನ ಬೆನ್ನಿಗೇ.

ರಾತ್ರಿ ಮುಚ್ಚುವುದಕ್ಕೂ ಪೂರ್ತಿ ಮುಚ್ಚುವುದಕ್ಕೂ ಇರುವ ದೂರ ಬಹಳ. ಮೊದಲನೆಯದಕ್ಕೆ ನಾಲ್ಕನೆಯ ದಾರಿ ಸಾಕೆಂದು ಹದಿನೈದು ವರ್ಷಗಳ ಅನುಭವವೇ ಹೇಳುತ್ತದೆ. ಆ ಅನುಭವವನ್ನೇ ಎರಡನೆಯದಕ್ಕೂ ಸಾಕ್ಷಿಯಾಗಿ ಹಿಡಿಯುವಂತಿಲ್ಲ.

ಹೆದ್ದಾರಿ ಎಂಜಿನಿಯರುಗಳು ಇಂಥ ಲೆಕ್ಕವನ್ನು ಎಣಿಕೆಯಿಂದ ಶುರುಮಾಡುತ್ತಾರೆ. ರಸ್ತೆಬದಿಯಲ್ಲಿ ಕೂತು ಏಳು ದಿನ, ಇಪ್ಪತ್ನಾಲ್ಕು ಗಂಟೆ, ಹಾದುಹೋಗುವ ಪ್ರತಿ ವಾಹನವನ್ನೂ ಬಗೆಬಗೆಯಾಗಿ ಗುರುತುಹಾಕಿಕೊಳ್ಳುವುದು ಮೊದಲ ಕೆಲಸ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಸಂಹಿತೆಯಂತೆ ಎಲ್ಲವನ್ನೂ ಕಾರಿನ ಲೆಕ್ಕಕ್ಕೆ ಇಳಿಸುತ್ತಾರೆ: ಬಸ್ಸು ಅಥವಾ ಲಾರಿ ಮೂರು ಕಾರಿಗೆ ಸಮ, ಟ್ರೇಲರ್ ಲಾರಿ ನಾಲ್ಕೂವರೆಗೆ, ಬೈಕು ಅರ್ಧಕ್ಕೆ. ಬಯಲುಸೀಮೆಯ ದ್ವಿಪಥ ರಸ್ತೆ ದಿನಕ್ಕೆ 15,000 ಕಾರುಗಳ ಲೆಕ್ಕವನ್ನು ತಾಳುತ್ತದೆ. ಏರಿಳಿತದ ನೆಲದಲ್ಲಿ ಅದು 11,000ಕ್ಕೆ, ಮಲೆನಾಡಿನ ಗುಡ್ಡದ ರಸ್ತೆಯಲ್ಲಿ 7,000ಕ್ಕೆ ಇಳಿಯುತ್ತದೆ. ತಿರುವು ಹೆಚ್ಚಾದಂತೆ ಇನ್ನೂ ಕುಸಿಯುತ್ತದೆ. ಹುಣಸೂರಿನವರೆಗಿನ ಬಯಲನ್ನೂ ಗೋಣಿಕೊಪ್ಪದಿಂದ ಕುಟ್ಟದವರೆಗಿನ ಕಾಫಿತೋಟಗಳ ನಡುವಿನ ಬಳುಕು ದಾರಿಯನ್ನೂ ಒಂದೇ ರಸ್ತೆಯೆಂದು ಎಣಿಸಿ ಸರಾಸರಿ ತೆಗೆದರೆ ಲೆಕ್ಕ ಹುಸಿಯಾಗುತ್ತದೆ. ಕೊಳವೆಯಲ್ಲಿ ನೀರು ಹರಿಯುವುದು ಅದರ ಅತಿ ಕಿರಿದಾದ ಭಾಗ ಬಿಟ್ಟಷ್ಟು ಮಾತ್ರ.

ಎರಡನೆಯ ಕೆಲಸ, ವಾಹನ ಎಲ್ಲಿಂದ ಹೊರಟು ಎಲ್ಲಿಗೆ ಹೋಗುತ್ತದೆ ಎಂದು ಚಾಲಕರನ್ನು ನಿಲ್ಲಿಸಿ ಕೇಳುವುದು. ಪರ್ಯಾಯ ಮಾರ್ಗ ಸುಮಾರು 30 ಕಿ.ಮೀ. ಸುತ್ತು ಎಂಬ ಮಾತು ಸಾಮಾನ್ಯವಾಗಿ ಕೇಳಿಬರುತ್ತದೆ. ಬೆಂಗಳೂರು ಅಥವಾ ಮೈಸೂರಿನಿಂದ ಕಲ್ಲಿಕೋಟೆಗೆ ಹೋಗುವವರಿಗೆ ಇದು ಹೆಚ್ಚುಕಡಿಮೆ ಸರಿ. ಮಾನಂದವಾಡಿಗೆ ಹೋಗುವವರಿಗೆ ಸುತ್ತು ಇನ್ನೂ ಕಡಿಮೆ. ಆದರೆ ಸುಲ್ತಾನ್ ಬತ್ತೇರಿಯಲ್ಲಿ ಮನೆ ಇರುವವರಿಗೆ ಮೈಸೂರು ಸುಮಾರು 115 ಕಿ.ಮೀ. ದೂರ. ಮಾನಂದವಾಡಿಗೆ ಹೋಗಿ ಕುಟ್ಟದ ಮೇಲೆ ಬಂದರೆ ಅರವತ್ತು–ಎಪ್ಪತ್ತು ಕಿ.ಮೀ. ಹೆಚ್ಚಾಗುತ್ತದೆ. ಗುಂಡ್ಲುಪೇಟೆಗೇ ಬರಬೇಕಾದವರ ಗತಿ ಇನ್ನೂ ಕಷ್ಟ: ಬತ್ತೇರಿಯಿಂದ ಒಂದೂವರೆ ಗಂಟೆಯ ದಾರಿ ಇಡೀ ಅರ್ಧ ದಿನದ ಪ್ರಯಾಣವಾಗುತ್ತದೆ. ಗುಂಡ್ಲುಪೇಟೆ, ತೆರಕಣಾಂಬಿ ಮಾರುಕಟ್ಟೆಗಳಿಂದ ಕೇರಳಕ್ಕೆ ಹೋಗುವ ಟೊಮೆಟೊ, ಎಲೆಕೋಸು, ಬೀನ್ಸು, ಓಣಂ ಹೊತ್ತಿನ ಚೆಂಡುಹೂವು ಇದೇ ದಾರಿಯನ್ನು ನಂಬಿವೆ. ಬತ್ತೇರಿಯ ಜನರ ಸಿಟ್ಟನ್ನು ಕಾಡಿನ ಮೇಲಿನ ದ್ವೇಷವೆಂದು ಬಗೆಯುವುದು ತಪ್ಪು. ಸರಾಸರಿಯ ಮೂವತ್ತು ಕಿಲೋಮೀಟರಿನಲ್ಲಿ ಅವರ ಎಪ್ಪತ್ತು ಕಿಲೋಮೀಟರು ಮರೆಯಾಗಿದೆ.

ಇನ್ನು ನಾಲ್ಕನೆಯ ದಾರಿಯನ್ನು ತುಣುಕು ತುಣುಕಾಗಿ ನೋಡಬೇಕು. ಮೈಸೂರಿನಿಂದ ಹುಣಸೂರಿನವರೆಗೆ ತೊಡಕಿಲ್ಲ. ಅದು ಈಗಾಗಲೇ ರಾಷ್ಟ್ರೀಯ ಹೆದ್ದಾರಿ 275ರ ಭಾಗ. ಜೊತೆಗೆ ಮೈಸೂರು–ಕುಶಾಲನಗರ ನಡುವೆ 92 ಕಿ.ಮೀ. ಉದ್ದದ ಚತುಷ್ಪಥ ಹೆದ್ದಾರಿಗೆ 2023ರ ಮಾರ್ಚ್‌ನಲ್ಲಿ ಶಂಕುಸ್ಥಾಪನೆಯಾಗಿದೆ. ಅದು ಪೂರ್ತಿಯಾದರೆ ಸುತ್ತಿನ ಕಿಲೋಮೀಟರು ಉಳಿದರೂ ಸುತ್ತಿನ ಹೊತ್ತಿನಲ್ಲಿ ಒಂದು ಭಾಗ ಇಲ್ಲಿಯೇ ಕರಗುತ್ತದೆ.

ಹುಣಸೂರು ಬಿಟ್ಟು ರಾಜ್ಯ ಹೆದ್ದಾರಿ 90 ಹಿಡಿದ ಮೇಲೆ ವಿಷಯ ಬದಲಾಗುತ್ತದೆ. ರಾತ್ರಿ ನಿಷೇಧದ ನಂತರ ಕರ್ನಾಟಕ ಸರ್ಕಾರ ಸುಮಾರು 75 ಕೋಟಿ ರೂಪಾಯಿ ಹಾಕಿ ಈ ರಸ್ತೆಯನ್ನು ಸರಿಪಡಿಸಿತು, ಡಾಂಬರಿನ ಬಗ್ಗೆ ದೂರು ಹೇಳುವಂತಿಲ್ಲ. ಆದರೆ ಆನೆಚೌಕೂರಿನಿಂದ ತಿತಿಮತಿಯ ಕಡೆಗೆ ರಸ್ತೆ ಹಾದುಹೋಗುವುದು ನಾಗರಹೊಳೆಯ ಕಾಡಿನಲ್ಲೇ. ಮತ್ತಿಗೋಡು ಆನೆ ಶಿಬಿರ ಈ ರಸ್ತೆಯ ಬದಿಯಲ್ಲಿದೆ. 2018ರ ಅಕ್ಟೋಬರ್‌ನಲ್ಲಿ ಒಂದು ದಿನ ಬೆಳಕು ಹರಿಯುವ ಮುಂಚೆ, ಮೇಯಲು ಬಿಟ್ಟಿದ್ದ ಶಿಬಿರದ ಆನೆ ರಂಗ ರಸ್ತೆ ದಾಟುತ್ತಿದ್ದಾಗ ಖಾಸಗಿ ಬಸ್ಸೊಂದು ಬಂದು ಬಡಿಯಿತು. ಕಾಡಿನಿಂದ ಹಿಡಿದು ತಂದು ಪಳಗಿಸಿ ಮನುಷ್ಯರ ನಡುವೆ ಬಾಳಲು ಕಲಿಸಿದ ಆನೆ ಅದು, ಮಾವುತರ ದನಿಗೆ ತಿರುಗಿ ನೋಡುತ್ತಿದ್ದ ಆನೆ. ಅದು ರಸ್ತೆಬದಿಯಲ್ಲೇ ಕುಸಿದು ಪ್ರಾಣಬಿಟ್ಟಿತು. ಬಂಡೀಪುರದ ಗೇಟು ಮುಚ್ಚಿರುವ ಹೊತ್ತಿನಲ್ಲಿ, ಗೇಟು ಮುಚ್ಚಿದ ಕಾರಣಕ್ಕೇ ವಾಹನಗಳು ಹಿಡಿಯುವ ದಾರಿಯಲ್ಲಿ ನಡೆದ ಸಾವು ಅದು. ಪರ್ಯಾಯ ಮಾರ್ಗದ ಯಾವ ವರದಿಯೂ ಈ ಆನೆಯನ್ನು ದಾಟಿ ಮುಂದೆ ಹೋಗಬಾರದು.

ಗೋಣಿಕೊಪ್ಪದಿಂದ ಕುಟ್ಟದವರೆಗೆ ಕಾಡಿಲ್ಲ, ತೋಟಗಳಿವೆ. ರಸ್ತೆಯ ಎರಡೂ ಬದಿ ಕಾಫಿ, ಅದರ ನೆತ್ತಿಯ ಮೇಲೆ ಬಳ್ಳಿ ಹಬ್ಬಿದ ನೆರಳಿನ ಮರಗಳು. ಅಗಲ ಮಾಡಬೇಕೆಂದರೆ ಬಹುಕಾಲದ ಮರಗಳನ್ನು ಕಡಿಯಬೇಕು, ತೋಟದ ಅಂಚನ್ನು ಕೊಳ್ಳಬೇಕು. ಕೊಡಗಿನ ಜಮ್ಮಾ ಹಿಡುವಳಿಗಳಲ್ಲಿ ಒಂದು ಜಮೀನಿಗೆ ಇಡೀ ಒಕ್ಕದ, ಅಂದರೆ ಕೂಡುಮನೆತನದ, ಹಕ್ಕು ಇರುತ್ತದೆ, ಪರಿಹಾರದ ಹಣ ಯಾರ ಹೆಸರಿಗೆ ಎಂಬುದೇ ವರ್ಷಗಟ್ಟಲೆ ಎಳೆಯಬಹುದು. 2018 ಮತ್ತು 2019ರ ಮಳೆಗಾಲಗಳಲ್ಲಿ ಕೊಡಗಿನ ಗುಡ್ಡಗಳು ಜರಿದದ್ದನ್ನು ಕಂಡವರು, ಇಳಿಜಾರನ್ನು ಕಡಿದು ರಸ್ತೆ ಅಗಲಿಸುವ ಮಾತಿಗೆ ಬೆಚ್ಚುವುದು ಸಹಜ. ಈ ಭಾಗದಲ್ಲಿ ಅಗಲಕ್ಕಿಂತ ಮೊದಲು ಚರಂಡಿ, ಮೋರಿ, ತಡೆಗೋಡೆಗಳ ಲೆಕ್ಕ ನಡೆಯಬೇಕು.

ಕುಟ್ಟ ದಾಟಿದೊಡನೆ ಮತ್ತೆ ಕಾಡು. ತೋಲ್ಪೆಟ್ಟಿ ವಲಯ ವಯನಾಡು ಅಭಯಾರಣ್ಯದ್ದು. ನಾಗರಹೊಳೆಯಿಂದ ಬ್ರಹ್ಮಗಿರಿಯ ಕಡೆಗೆ ಹೋಗಿಬರುವ ಆನೆಗಳಿಗೆ ಇದೇ ನಡುಮನೆ. ಹಾಗಾಗಿ ‘ಕಾಡಿನ ದಾರಿಗೆ ಬದಲು ಊರಿನ ದಾರಿ’ ಎಂಬ ಸರಳ ಚಿತ್ರ ನಿಲ್ಲುವುದಿಲ್ಲ. ಮೂಲೆಹೊಳೆಯ ದಾರಿಯಲ್ಲಿ ಕಾಡು ಉದ್ದವಾಗಿ, ಎಡೆಬಿಡದೆ ಇದೆ. ಕುಟ್ಟದ ದಾರಿಯಲ್ಲಿ ಅದು ಎರಡು ತುಂಡಾಗಿ, ಕಡಿಮೆ ಉದ್ದಕ್ಕೆ ಇದೆ. ವ್ಯತ್ಯಾಸ ನಿಜ, ದೊಡ್ಡದೂ ಹೌದು. ಆದರೆ ಅದು ಹೆಚ್ಚು–ಕಡಿಮೆಯ ವ್ಯತ್ಯಾಸ, ಇದೆ–ಇಲ್ಲದ ವ್ಯತ್ಯಾಸವಲ್ಲ.

ಈ ಹೆಚ್ಚು–ಕಡಿಮೆ ಯಾಕೆ ಮುಖ್ಯ ಎಂಬುದನ್ನು ಆನೆಯ ಹಿಂಡೊಂದು ರಸ್ತೆ ದಾಟುವ ರೀತಿಯಿಂದ ತಿಳಿಯಬಹುದು. ಮುಂದಾಳು ಹೆಣ್ಣಾನೆ ಮೊದಲು ಅಂಚಿನಲ್ಲಿ ನಿಂತು ಸೊಂಡಿಲೆತ್ತಿ ಗಾಳಿ ಮೂಸುತ್ತದೆ. ಸದ್ದಿಲ್ಲವೆಂದು ಖಾತ್ರಿಯಾದ ಮೇಲೆ ಡಾಂಬರಿಗೆ ಕಾಲಿಡುತ್ತದೆ. ಮರಿಗಳು ನಡುವೆ, ದೊಡ್ಡವು ಹಿಂದೆ ಮುಂದೆ. ಎಲ್ಲವೂ ಆಚೆ ಬದಿ ಸೇರುವುದಕ್ಕೆ ಎರಡು ಮೂರು ನಿಮಿಷ ಬೇಕು. ಗಂಟೆಗೆ ಮೂವತ್ತು ವಾಹನ ಓಡುವ ರಸ್ತೆಯಲ್ಲಿ ಸರಾಸರಿ ಎರಡು ನಿಮಿಷಕ್ಕೊಂದು ವಾಹನ, ಹಿಂಡಿಗೆ ಆಗಾಗ ಬಿಡುವು ಸಿಗುತ್ತದೆ. ನೂರು ವಾಹನವಾದರೆ ಮೂವತ್ತಾರು ಸೆಕೆಂಡಿಗೊಂದು, ಮುನ್ನೂರಾದರೆ ಹನ್ನೆರಡು ಸೆಕೆಂಡಿಗೊಂದು. ಆಗ ರಸ್ತೆ ಹಿಂಡಿಗೆ ಗೋಡೆಯಾಗುತ್ತದೆ. ಅಪಘಾತದಲ್ಲಿ ಸತ್ತ ಪ್ರಾಣಿಗಳ ಪಟ್ಟಿ ಈ ಗೋಡೆಯನ್ನು ತೋರಿಸಲಾರದು, ಏಕೆಂದರೆ ದಾಟದೆ ಹಿಂದಿರುಗಿದ ಪ್ರಾಣಿ ಯಾವ ಪಟ್ಟಿಯಲ್ಲೂ ಬರುವುದಿಲ್ಲ. 766ರ ದಿನದ ವಾಹನಗಳನ್ನೆಲ್ಲ ತಂದು ಆನೆಚೌಕೂರು, ತೋಲ್ಪೆಟ್ಟಿಗಳ ಮೇಲೆ ಸುರಿದರೆ, ಈಗ ಬಿಡುವಿರುವ ಕಾಡಿನ ಎರಡು ತುಂಡುಗಳಲ್ಲೂ ಗೋಡೆ ಎದ್ದೀತು.

ರಾತ್ರಿ ನಿಷೇಧ ಫಲ ಕೊಟ್ಟದ್ದರ ಗುಟ್ಟೂ ಇಲ್ಲಿದೆ. ರಾತ್ರಿಯ ವಾಹನಗಳು ಕಡಿಮೆ, ಅವು ಬೇರೆ ದಾರಿ ಹಿಡಿದರೂ ಆ ದಾರಿ ತುಂಬಿ ತುಳುಕುವುದಿಲ್ಲ. ಅನೇಕ ಚಾಲಕರು ದಾರಿ ಬದಲಿಸುವುದೇ ಇಲ್ಲ, ಹೊತ್ತು ಬದಲಿಸುತ್ತಾರೆ. ಮದ್ದೂರು ಚೆಕ್‌ಪೋಸ್ಟಿನಲ್ಲಿ ಗೇಟು ಬಿದ್ದ ಮೇಲೆ ಬಂದ ಲಾರಿಗಳು ಸಾಲಾಗಿ ನಿಲ್ಲುತ್ತವೆ, ಚಾಲಕರು ಪಕ್ಕದಲ್ಲೇ ಅನ್ನ ಬೇಯಿಸಿಕೊಂಡು ಕ್ಯಾಬಿನ್ನಿನಲ್ಲಿ ಮಲಗುತ್ತಾರೆ. ಆರು ಗಂಟೆಗೆ ಗೇಟು ಎದ್ದಾಗ ಆ ಸಾಲೆಲ್ಲ ಒಟ್ಟಿಗೆ ಕಾಡಿಗೆ ನುಗ್ಗುತ್ತದೆ. ಜಿಂಕೆ, ಕಾಟಿಗಳು ಇನ್ನೂ ರಸ್ತೆಯಂಚಿನ ಹುಲ್ಲಿನಲ್ಲಿರುವ ಹೊತ್ತು ಅದು. ಗೇಟು ತೆರೆದೊಡನೆ ವಾಹನಗಳನ್ನು ಗುಂಪು ಗುಂಪಾಗಿ, ವೇಗಮಿತಿಯಲ್ಲಿ ಬಿಡುವ ಕ್ರಮಕ್ಕೆ ರಸ್ತೆ ಅಗಲಿಸಬೇಕಿಲ್ಲ, ಕೋಟಿಗಳೂ ಬೇಡ.

ಮೇಲ್ಸೇತುವೆಯ ಸೂಚನೆಯನ್ನು ಇದೇ ಬೆಳಕಿನಲ್ಲಿ ನೋಡಬೇಕು. 2018ರಲ್ಲಿ ಕೇಂದ್ರದ ಸಾರಿಗೆ ಸಚಿವಾಲಯ ಬಂಡೀಪುರದೊಳಗೆ ತಲಾ ಒಂದು ಕಿ.ಮೀ. ಉದ್ದದ ಐದು ಎತ್ತರದ ಸೇತುವೆಗಳನ್ನೂ ಉಳಿದ ಉದ್ದಕ್ಕೆ ಬೇಲಿಯನ್ನೂ ಸೂಚಿಸಿತು, ವೆಚ್ಚವನ್ನು ಎರಡು ರಾಜ್ಯಗಳು ಹಂಚಿಕೊಳ್ಳಬೇಕೆಂದಿತು. ಕರ್ನಾಟಕ ಒಪ್ಪಲಿಲ್ಲ. ಮಹಾರಾಷ್ಟ್ರದ ಪೆಂಚ್ ಹುಲಿ ಕಾಡನ್ನು ಹಾಯುವ ಹೆದ್ದಾರಿ 44ರ ಅಡಿಯಲ್ಲಿ ಪ್ರಾಣಿಗಳಿಗಾಗಿ ಒಂಬತ್ತು ದಾರಿಗಳನ್ನು ಕಟ್ಟಲಾಗಿದೆ, ದೊಡ್ಡದರ ಉದ್ದ 750 ಮೀಟರ್. ಭಾರತೀಯ ವನ್ಯಜೀವಿ ಸಂಸ್ಥೆಯ ಕ್ಯಾಮೆರಾಗಳಲ್ಲಿ ಹುಲಿಯೂ ಸೇರಿ 18 ಬಗೆಯ ಪ್ರಾಣಿಗಳು ಅಡಿಯಲ್ಲಿ ಹಾದದ್ದು ದಾಖಲಾಗಿದೆ. ಆದ್ದರಿಂದ ಸೇತುವೆಯ ವಿದ್ಯೆಯೇ ಸುಳ್ಳು ಎನ್ನುವಂತಿಲ್ಲ. ಆದರೆ ಪೆಂಚಿನಲ್ಲಿ ಹೆದ್ದಾರಿ ಚತುಷ್ಪಥವಾಗುವುದು ಖಚಿತವಾಗಿತ್ತು, ಹಾನಿ ತಗ್ಗಿಸುವ ದಾರಿಯನ್ನು ಹುಡುಕಲಾಯಿತು. ಬಂಡೀಪುರದಲ್ಲಿ ರಾತ್ರಿ ಒಂಬತ್ತು ಗಂಟೆ ಕಾಲ ಇಡೀ ಇಪ್ಪತ್ತು ಕಿಲೋಮೀಟರೂ ಬಹುಮಟ್ಟಿಗೆ ಪ್ರಾಣಿಗಳದ್ದೇ. ಅದನ್ನು ಕೊಟ್ಟು ಐದು ಕಿಲೋಮೀಟರಿನ ದಾರಿ ಪಡೆಯುವುದು, ಉಳಿದ ಹದಿನೈದಕ್ಕೆ ಬೇಲಿ ಹಾಕಿಸಿಕೊಳ್ಳುವುದು, ಕಂಬ ನೆಡುವ ವರ್ಷಗಳ ಸದ್ದನ್ನು ಸಹಿಸುವುದು ಕಾಡಿಗೆ ನಷ್ಟದ ವ್ಯಾಪಾರ. ಇದೇ ತಂತ್ರವನ್ನು ಆನೆಚೌಕೂರು, ತೋಲ್ಪೆಟ್ಟಿಗಳ ಚಿಕ್ಕ ತುಂಡುಗಳಿಗೆ ಅನ್ವಯಿಸಿ ನೋಡಿದರೆ ಉತ್ತರ ಬೇರೆ ಬಂದೀತು. ಅಲ್ಲಿ ರಾತ್ರಿಯೂ ರಸ್ತೆ ತೆರೆದಿರುತ್ತದೆ, ಪ್ರಾಣಿಗಳು ಕಳೆದುಕೊಳ್ಳಲು ರಾತ್ರಿ ನಿಷೇಧದ ಬಿಡುವು ಇಲ್ಲ. ಸೇತುವೆಯ ಹಣವನ್ನು ಮೂಲೆಹೊಳೆಗಿಂತ ಇಲ್ಲಿ ಹಾಕುವುದು ಹೆಚ್ಚು ಅರ್ಥವುಳ್ಳದ್ದು.

ಆರ್ಥಿಕ ಲೆಕ್ಕದಲ್ಲಿ ಒಂದು ಬಲಹೀನತೆ ಇದೆ. ಹೆದ್ದಾರಿ ಯೋಜನೆಗಳನ್ನು ಒಪ್ಪಲು ಸಾಮಾನ್ಯವಾಗಿ ಶೇ. 12ರ ಆರ್ಥಿಕ ಪ್ರತಿಫಲ ಬೇಕು. ಅದನ್ನು ತುಂಬುವುದು ಉಳಿದ ಡೀಸೆಲ್, ಉಳಿದ ಟಯರು, ಉಳಿದ ಹೊತ್ತು. ದೂರವನ್ನು ಹೆಚ್ಚಿಸುವ ಯೋಜನೆ ಈ ತಕ್ಕಡಿಯಲ್ಲಿ ಎಂದೂ ಗೆಲ್ಲಲಾರದು, ಏಕೆಂದರೆ ಅದರ ಲಾಭವೆಲ್ಲ ತಕ್ಕಡಿಯ ಹೊರಗಿದೆ. ಹಾಗಾಗಿ ಕುಟ್ಟದ ದಾರಿಯನ್ನು ಸಾರಿಗೆ ಯೋಜನೆಯೆಂದು ಅಳೆಯದೆ, ಕಾಡು ಉಳಿಸುವ ಗುರಿಯನ್ನು ಮೊದಲು ನಿಗದಿಮಾಡಿ ಅದನ್ನು ಅತಿ ಕಡಿಮೆ ಖರ್ಚಿನಲ್ಲಿ ಮುಟ್ಟುವ ಬಗೆ ಯಾವುದು ಎಂದು ಕೇಳಬೇಕು. ಆ ಲೆಕ್ಕದಲ್ಲಿ ಬತ್ತೇರಿ ಮತ್ತು ಗುಂಡ್ಲುಪೇಟೆಯ ಜನರ ಹೆಚ್ಚುವರಿ ಖರ್ಚು ಯೋಜನೆಯ ವೆಚ್ಚವಾಗಿಯೇ ಸೇರಬೇಕು. ಈಗ ಅದು ಯಾರ ಪುಸ್ತಕದಲ್ಲೂ ಇಲ್ಲ.

ಸಂಚಾರದ ಬೇಡಿಕೆಯೂ ನಿಂತ ನೀರಲ್ಲ. ವಯನಾಡಿಗೆ ಏರುವ ತಾಮರಶ್ಶೇರಿ ಘಾಟಿಯ ಒಂಬತ್ತು ಹೇರ್‌ಪಿನ್ ತಿರುವುಗಳು ಇಷ್ಟು ದಿನ ಕಲ್ಲಿಕೋಟೆಯ ಕಡೆಯಿಂದ ಭಾರಿ ವಾಹನಗಳಿಗೆ ಸಹಜ ತಡೆಯಾಗಿದ್ದವು. ಆನಕ್ಕಾಂಪೊಯಿಲ್‌ನಿಂದ ಮೇಪ್ಪಾಡಿಯ ಕಡೆಗೆ ಎಂಟು ಕಿಲೋಮೀಟರಿಗೂ ಉದ್ದದ ಜೋಡಿ ಸುರಂಗ ಬಂದರೆ ಆ ತಡೆ ಸಡಿಲುತ್ತದೆ, ವಯನಾಡಿನ ಮೂಲಕ ಮೈಸೂರಿಗೆ ಹೋಗುವ ಲಾರಿಗಳು ಹೆಚ್ಚುತ್ತವೆ. ಈಚೆ ಬೆಂಗಳೂರು–ಮೈಸೂರು ಹೆದ್ದಾರಿ ಆಗಲೇ ಚುರುಕಾಗಿದೆ. ಎರಡು ತುದಿಯಲ್ಲೂ ದಾರಿ ಅಗಲವಾದಾಗ ಒತ್ತಡ ನಡುವಿನ ಕಾಡಿನ ಮೇಲೆ ಬೀಳುತ್ತದೆ. ಇಂದಿನ ಎಣಿಕೆಯ ಮೇಲೆ ಬರೆದ ವರದಿ ಸುರಂಗ ತೆರೆದ ದಿನವೇ ಹಳತಾಗುತ್ತದೆ.

ಕಾನೂನಿನ ಕಡೆಯಿಂದ ಎರಡು ಬಾಗಿಲುಗಳಿವೆ. ಅರಣ್ಯ ಭೂಮಿ ಮುಟ್ಟಬೇಕಾದರೆ 1980ರ ಅರಣ್ಯ ಕಾಯ್ದೆಯಡಿ ಕೇಂದ್ರದ ಒಪ್ಪಿಗೆ ಬೇಕು. ಹುಲಿ ಮೀಸಲಿನಲ್ಲಿ ಕೈಯಿಡಬೇಕಾದರೆ ವನ್ಯಜೀವಿ ಕಾಯ್ದೆಯಂತೆ ಹುಲಿ ಸಂರಕ್ಷಣಾ ಪ್ರಾಧಿಕಾರದ ಸಲಹೆ ಮತ್ತು ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಅನುಮೋದನೆ ಬೇಕು. ಕುಟ್ಟದ ದಾರಿಯನ್ನು ಚತುಷ್ಪಥ ಮಾಡಹೊರಟರೆ ಎರಡು ಕಡೆ ಈ ಬಾಗಿಲು ತಟ್ಟಬೇಕಾಗುತ್ತದೆ. ಮೂಲೆಹೊಳೆಯ ಕಾಡನ್ನು ಉಳಿಸಲು ಹೂಡಿದ ವಾದವೇ ಅಲ್ಲಿ ಎದುರಾಳಿಯಾಗಿ ನಿಲ್ಲುತ್ತದೆ. ದ್ವಿಪಥವಾಗಿಯೇ ಉಳಿಸಿ, ಕಾಡಿನ ಹೊರಗಿನ ಭಾಗಗಳಲ್ಲಿ ಮಾತ್ರ ತಿರುವು ನೇರ್ಪಡಿಸಿ, ಊರುಗಳಿಗೆ ಬಳಸುದಾರಿ ಕೊಟ್ಟರೆ ಈ ತೊಡಕು ಬಹುಪಾಲು ತಪ್ಪುತ್ತದೆ.

ಇಷ್ಟನ್ನೂ ಕೂಡಿಸಿದರೆ ಉತ್ತರ ಗೇಟಿನ ವೇಳೆಯ ಪ್ರಕಾರ ಬದಲಾಗುತ್ತದೆ. ಈಗಿನ ರಾತ್ರಿ ನಿಷೇಧಕ್ಕೆ ಕುಟ್ಟದ ದಾರಿ ಸಮರ್ಥ ಪರ್ಯಾಯ. ನಿಷೇಧದ ಹೊತ್ತನ್ನು ಸಂಜೆ ಆರಕ್ಕೆ ಹಿಗ್ಗಿಸಿದರೂ, ಆನೆಚೌಕೂರು–ತಿತಿಮತಿ ತುಂಡಿನಲ್ಲಿ ವೇಗ ಕಟ್ಟಿಹಾಕಿ ಪ್ರಾಣಿಗಳಿಗೆ ದಾಟುದಾರಿ ಕಲ್ಪಿಸಿದರೆ ಅದು ತಾಳಬಲ್ಲದು. ತಮಿಳುನಾಡಿನ ದಿಂಬಂ ಘಾಟಿಯಲ್ಲಿ 2022ರಿಂದ ಭಾರಿ ಸರಕು ವಾಹನಗಳಿಗೆ ಹಾಕಿದಂಥ ತೂಕದ ಮಿತಿಯನ್ನು 766ರಲ್ಲೂ ತಂದರೆ ಹಗಲಿನ ದೊಡ್ಡ ಲಾರಿಗಳು ಮಾತ್ರ ಕುಟ್ಟಕ್ಕೆ ಹೋಗುತ್ತವೆ, ಬತ್ತೇರಿಯ ಬಸ್ಸು, ಕಾರು, ಆಂಬುಲೆನ್ಸು, ತರಕಾರಿಯ ಚಿಕ್ಕ ವಾಹನ ಮೂಲೆಹೊಳೆಯಲ್ಲೇ ಉಳಿಯುತ್ತವೆ. ಹಗಲೂ ರಾತ್ರಿ ಪೂರ್ತಿ ಮುಚ್ಚುವುದು ಸದ್ಯದ ಕುಟ್ಟದ ದಾರಿಯಿಂದ ಆಗದ ಕೆಲಸ, ಆನೆಚೌಕೂರು ಮತ್ತು ತೋಲ್ಪೆಟ್ಟಿಯ ತುಂಡುಗಳಿಗೆ ಮೊದಲು ಪರಿಹಾರ ಕಟ್ಟದೆ ಅದಕ್ಕೆ ಕೈಹಾಕುವಂತಿಲ್ಲ. ಮುಂದೊಂದು ದಿನ ಮುಚ್ಚಿದರೂ ಮೂಲೆಹೊಳೆಯ ರಸ್ತೆ ಅಳಿಯುವುದಿಲ್ಲ: ಕಾಡಂಚಿನ ಹಾಡಿಗಳ ಜನ, ಪೊನ್‌ಕುಳಿಯ ರಾಮ ದೇವಸ್ಥಾನಕ್ಕೆ ಬರುವವರು, ಅರಣ್ಯ ಇಲಾಖೆಯ ಗಸ್ತಿನವರು ಓಡಾಡಲೇಬೇಕು. ಅವರಿಗೆ ಪಾಸು ಕೊಡುವ ಕ್ರಮವನ್ನು ಎರಡು ರಾಜ್ಯಗಳು ಗೇಟಿಗೆ ಬೀಗ ಹಾಕುವ ಮುಂಚೆಯೇ ಬರೆದು ಒಪ್ಪಿಕೊಳ್ಳಬೇಕಾಗುತ್ತದೆ.